ಹಳೇ ಟ್ರಾಕ್ಟರ್ ಬಿಸಿಯಾಗುತ್ತಿದೆಯಾ? ಹೆಡ್ ಬಿಚ್ಚುವ ಮೊದಲು ಇಷ್ಟು ನೋಡಿ

ಏಣೇಲು (ಮಳೆಗಾಲದ ಭತ್ತ) ಬೆಳೆಗೆ ಗದ್ದೆ ಹದ ಮಾಡುವ ಜೂನ್ ತಿಂಗಳಲ್ಲಿ ಉಡುಪಿ, ಬ್ರಹ್ಮಾವರ, ಕುಂದಾಪುರದ ಕಡೆ ಕೇಳಿಬರುವ ದೂರು ಒಂದೇ. ಟ್ರಾಕ್ಟರ್ ಬಿಸಿಯಾಗುತ್ತದೆ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಕೆಸರಿಗೆ ಇಳಿದು ಅರ್ಧ ಗಂಟೆ ಆಗುವಷ್ಟರಲ್ಲಿ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಬರುತ್ತದೆ. ರೇಡಿಯೇಟರ್ ಕ್ಯಾಪಿನ ಸಂದಿಯಿಂದ ಹಬೆ ಏಳುತ್ತದೆ. ಒಂದು ಕೊಡಪಾನ ನೀರು ಹೊಯ್ದು ಮತ್ತೆ ಹೊರಟರೆ ಪುನಃ ಅದೇ ಕಥೆ. ಗ್ಯಾರೇಜಿಗೆ ಫೋನ್ ಮಾಡಿದರೆ, "ಹೆಡ್ ಬಿಚ್ಚಿ ನೋಡ್ಬೇಕು ಮಾರಾಯ್ರೆ" ಎನ್ನುತ್ತಾರೆ.

ಹೆಡ್ (ಇಂಜಿನ್ ಬ್ಲಾಕಿನ ಮೇಲೆ ಕೂರುವ ಭಾಗ) ಬಿಚ್ಚುವುದು ಕೊನೆಯ ಕೆಲಸ. ಹೆಚ್ಚಿನ ಸಲ ಕಾರಣ ಹೊರಗೇ ಇರುತ್ತದೆ. ಅದನ್ನು ಹುಡುಕಲು ಒಂದು ಟಾರ್ಚ್, ನಾಲ್ಕೈದು ಸ್ಪ್ಯಾನರ್, ಒಂದು ಪಾತ್ರೆ ಬಿಸಿನೀರು ಇದ್ದರೆ ಸಾಕು. ಹೊರಗಿನಿಂದ ಒಳಕ್ಕೆ ಹೋಗಬೇಕು. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದ್ದನ್ನು ಆಮೇಲೆ ನೋಡಬೇಕು. ಈ ಲೇಖನ ಪೂರ್ತಿ ಅದೇ ಕ್ರಮದಲ್ಲಿದೆ. (ಹಳೇ ಐಷರ್ ಟ್ರಾಕ್ಟರ್‌ಗಳಲ್ಲಿ ಗಾಳಿಯಿಂದಲೇ ತಣಿಯುವ ಇಂಜಿನ್ ಇರುವಂಥವು ಇವೆ. ಅವುಗಳಿಗೆ ರೇಡಿಯೇಟರೇ ಇಲ್ಲ. ಇಲ್ಲಿ ಹೇಳುವುದು ನೀರಿನಿಂದ ತಣಿಯುವ ಇಂಜಿನ್‌ಗಳ ಬಗ್ಗೆ.)

ಮುಳ್ಳು ಕೆಂಪಿಗೆ ಬಂದ ಕ್ಷಣ

ಮೊದಲು ಲೋಡ್ ಕಡಿಮೆ ಮಾಡಿ. ರೋಟವೇಟರ್ ಎತ್ತಿ, ಪಿಟಿಒ (ರೋಟವೇಟರನ್ನು ತಿರುಗಿಸುವ ಹಿಂದಿನ ಶಾಫ್ಟ್) ಬಿಡಿಸಿ, ನ್ಯೂಟ್ರಲ್‌ಗೆ ತನ್ನಿ. ರೇಡಿಯೇಟರಿನಲ್ಲಿ ನೀರು ಇನ್ನೂ ಇದೆ ಅನಿಸಿದರೆ ಇಂಜಿನನ್ನು ತಟ್ಟನೆ ಬಂದ್ ಮಾಡಬೇಡಿ. ಮೂರ್ನಾಲ್ಕು ನಿಮಿಷ ಸಾಧಾರಣ ರೇಸಿನಲ್ಲಿ ಓಡಲಿ. ಪಂಪು, ಫ್ಯಾನು ಎರಡೂ ತಿರುಗುತ್ತಿದ್ದರೆ ಬಿಸಿ ಸಮವಾಗಿ ಇಳಿಯುತ್ತದೆ. ಆದರೆ ಹೋಸ್ ಒಡೆದು ನೀರೆಲ್ಲ ಸುರಿದು ಹೋಗಿದ್ದರೆ, ಅಥವಾ ಬೆಲ್ಟ್ ತುಂಡಾಗಿದ್ದರೆ, ಕೂಡಲೇ ಬಂದ್ ಮಾಡಿ.

ಕ್ಯಾಪಿಗೆ ಕೈ ಹಾಕಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಕ್ಯಾಪ್ ತೆಗೆದ ಕೂಡಲೇ ಅದು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ. ಮೇಲಿನ ಹೋಸನ್ನು ಒತ್ತಿ ನೋಡಿ, ಮೆತ್ತಗಾದ ಮೇಲೆ ದಪ್ಪ ಒದ್ದೆ ಗೋಣಿ ಹಾಕಿ ಕ್ಯಾಪನ್ನು ಮೊದಲ ಕಚ್ಚಿನವರೆಗೆ ಮಾತ್ರ ತಿರುಗಿಸಿ. ಸುಯ್ ಎನ್ನುವ ಶಬ್ದ ಪೂರ್ತಿ ನಿಂತ ಮೇಲೆ ತೆಗೆಯಿರಿ.

ಕಾದ ಇಂಜಿನಿಗೆ ತಣ್ಣೀರು ಹೊಯ್ಯುವ ಅಭ್ಯಾಸವನ್ನು ಇವತ್ತೇ ಬಿಡಿ. ಗದ್ದೆ ಬದಿಯ ತೋಡಿನಿಂದ ಒಂದು ಕೊಡಪಾನ ತಂದು ಹೊಯ್ದರೆ ಹೆಡ್ ಬಿರುಕು ಬಿಡಬಹುದು. ಆಗ ಬರೇ ಒಂದು ಬೆಲ್ಟಿನ ತಾಪತ್ರಯ ಸಾವಿರಗಟ್ಟಲೆ ರೂಪಾಯಿಯ ಖರ್ಚಾಗುತ್ತದೆ. ಇಂಜಿನ್ ಮೈ ಮುಟ್ಟುವಷ್ಟು ತಣಿದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ.

ಯಾವಾಗ ಬಿಸಿಯಾಗುತ್ತದೆ?

ಸ್ಪ್ಯಾನರ್ ಎತ್ತುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಡ್ರೈವರ್ ಬೇರೆಯವರಾದರೆ ಅವರನ್ನೇ ಕೂರಿಸಿಕೊಂಡು ಕೇಳಿ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ಸುಮ್ನೆ ನಿಂತು ಓಡುವಾಗ ತಣ್ಣಗಿದ್ದು, ಉಳುಮೆಯಲ್ಲಿ ಮಾತ್ರ ನಿಧಾನಕ್ಕೆ ಬಿಸಿ ಏರಿದರೆ, ಬಿಸಿಯನ್ನು ಹೊರಹಾಕುವ ಶಕ್ತಿ ಕಡಿಮೆಯಾಗಿದೆ ಎಂದರ್ಥ. ರೇಡಿಯೇಟರ್ ಹೊರಗೋ ಒಳಗೋ ಕಟ್ಟಿದೆ, ಇಲ್ಲವೇ ಬೆಲ್ಟ್ ಜಾರುತ್ತಿದೆ. ಸ್ಟಾರ್ಟ್ ಮಾಡಿದ ಹತ್ತೇ ನಿಮಿಷಕ್ಕೆ, ಲೋಡ್ ಇಲ್ಲದೆಯೂ ಮುಳ್ಳು ಸರ್ರನೆ ಏರಿದರೆ ನೀರು ಓಡಾಡುತ್ತಿಲ್ಲ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ನೀರಿಗೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಮುಚ್ಚಿಕೊಂಡಿರಬಹುದು, ಪಂಪ್ ಹೋಗಿರಬಹುದು, ನೀರೇ ಕಡಿಮೆ ಇರಬಹುದು. ಹೊರಗೆ ಎಲ್ಲೂ ಸೋರದೆ ದಿನಾ ನೀರು ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಪದರ) ಕಡೆ ಯೋಚನೆ ಮಾಡಿ.

ಇನ್ನೊಂದು ಸಾಧ್ಯತೆಯೂ ಇದೆ. ಇಂಜಿನ್ ಸರಿಯಿದ್ದು ಮೀಟರೇ ಸುಳ್ಳು ಹೇಳುತ್ತಿರಬಹುದು. ಹಳೇ ಟ್ರಾಕ್ಟರಿನ ಮೀಟರನ್ನು ಹಾಗೇ ನಂಬಬೇಡಿ. ಇಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ, ನೀರು ಬಿಸಿಯಾಗುತ್ತಾ ಬಂದಂತೆ ಒಂದು ಥರ್ಮಾಮೀಟರ್ ಇಳಿಸಿ ನೋಡಿ. ಈಗ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೂಡ ಸಿಗುತ್ತದೆ. ಅದಿದ್ದರೆ ಥರ್ಮೋಸ್ಟಾಟ್ ಮನೆಯ ಹತ್ತಿರ ಹಿಡಿದು ನೋಡಬಹುದು. ಅದೇ ಥರ್ಮಾಮೀಟರಿನಿಂದ ರೇಡಿಯೇಟರಿನ ಮೇಲಿನ ಟ್ಯಾಂಕು, ಕೆಳಗಿನ ಟ್ಯಾಂಕು ಎರಡನ್ನೂ ಅಳೆಯಿರಿ. ಮೇಲೆ ಕುದಿಯುವಷ್ಟು ಬಿಸಿ, ಕೆಳಗೆ ತಣ್ಣಗೆ ಇದ್ದರೆ ನೀರು ಸರಿಯಾಗಿ ಹರಿಯುತ್ತಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇದ್ದರೆ ನೀರು ಹರಿಯುತ್ತಿದೆ, ಗಾಳಿ ಸಾಲುತ್ತಿಲ್ಲ.

ಮೊದಲು ರೇಡಿಯೇಟರಿನ ಮುಖ ನೋಡಿ

ಬಾನೆಟ್ ಎತ್ತಿ, ಮುಂದಿನ ಜಾಲರಿ ತೆಗೆಯಿರಿ. ಹಿಂದಿನಿಂದ, ಅಂದರೆ ಫ್ಯಾನಿನ ಬದಿಯಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಬೆಳಕು ಎಲ್ಲ ಕಡೆಯಿಂದ ಕಾಣಬೇಕು. ಬೈಹುಲ್ಲಿನ ತುಂಡು, ಹುಲ್ಲಿನ ಬೀಜ, ಉಮಿ, ಅದರ ಮೇಲೆ ಕೇಜ್ ವೀಲ್ ಎರಚಿದ ಕೆಸರು, ಜೊತೆಗೆ ಇಂಜಿನ್ನಿನಿಂದ ಒಸರಿದ ಆಯಿಲ್ ಎಲ್ಲ ಸೇರಿ ಗೋಡೆಯ ಹಾಗೆ ಕಟ್ಟಿರುತ್ತದೆ. ಬಹಳಷ್ಟು ಟ್ರಾಕ್ಟರ್‌ಗಳ ಕಾಯಿಲೆ ಇಲ್ಲಿಗೇ ಮುಗಿಯುತ್ತದೆ.

ತೊಳೆಯುವಾಗ ನೀರು ಫ್ಯಾನಿನ ಬದಿಯಿಂದ ಹೊರಕ್ಕೆ ಹೋಗಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನಷ್ಟು ಒಳಗೆ ಕೂರುತ್ತದೆ. ಆಯಿಲ್ ಹಿಡಿದಿದ್ದರೆ ಸೋಪಿನ ಪುಡಿ ಕಲಸಿದ ನೀರು ಚಿಮುಕಿಸಿ ಕಾಲು ಗಂಟೆ ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರಿನ ಪೈಪನ್ನು ಹತ್ತಿರ ಹಿಡಿಯಬೇಡಿ. ತೆಳು ರೆಕ್ಕೆಗಳು ಮಡಚಿಹೋದರೆ ಗಾಳಿಗೆ ದಾರಿಯೇ ಇಲ್ಲ. ಮಡಚಿದ್ದನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ತಾಳ್ಮೆಯಲ್ಲಿ ನೇರ ಮಾಡಬಹುದು.

ಕರಾವಳಿಯವರು ಇಲ್ಲಿ ಇನ್ನೊಂದನ್ನು ನೋಡಲೇಬೇಕು. ಕಾಪು, ಮಲ್ಪೆ, ಮರವಂತೆಯಂಥ ಕಡಲ ಬದಿಯಲ್ಲಿ ನಿಲ್ಲುವ ಟ್ರಾಕ್ಟರುಗಳ ರೇಡಿಯೇಟರ್ ಹೊರಗಿನಿಂದ ನೋಡಲು ಕ್ಲೀನ್ ಇರುತ್ತದೆ. ಆದರೆ ಉಪ್ಪುಗಾಳಿಗೆ ತಾಮ್ರದ ರೆಕ್ಕೆಗೆ ಹಸಿರು ಕಿಲುಬು ಹಿಡಿದು, ರೆಕ್ಕೆಗೂ ಕೊಳವೆಗೂ ಇರುವ ಬೆಸುಗೆ ಬಿಟ್ಟಿರುತ್ತದೆ. ಉಗುರಿನಿಂದ ಮೆಲ್ಲಗೆ ಒತ್ತಿ. ರೆಕ್ಕೆ ಅಲುಗಾಡಿದರೆ, ಅಥವಾ ಪುಡಿಯಾಗಿ ಬೆರಳಿಗೆ ಹತ್ತಿದರೆ, ಆ ಭಾಗ ಕೆಲಸ ಮಾಡುತ್ತಿಲ್ಲ. ಕೊಳವೆಯ ಬಿಸಿ ರೆಕ್ಕೆಗೆ ಬರುವುದೇ ಇಲ್ಲ. ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಕೋರ್ (ಕೊಳವೆ, ರೆಕ್ಕೆಗಳಿರುವ ನಡುಭಾಗ) ಬದಲಿಸಬೇಕು. ಟ್ಯಾಂಕು ಚೆನ್ನಾಗಿದ್ದರೆ ರೇಡಿಯೇಟರ್ ಕೆಲಸದವರು ಅದೇ ಟ್ಯಾಂಕಿಗೆ ಹೊಸ ಕೋರ್ ಬೆಸೆದುಕೊಡುತ್ತಾರೆ.

ಫ್ಯಾನ್ ಸುತ್ತ ಇರಬೇಕಾದ ತಗಡಿನ ಕವಚ ಇದೆಯಾ ನೋಡಿ. ರಿಪೇರಿಗೆ ಬಿಚ್ಚಿದವರು ಅದನ್ನು ಮೂಲೆಗೆ ಎಸೆಯುವುದುಂಟು. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಗಾಳಿ ಎಳೆಯುವುದರ ಬದಲು ಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ. ಪಂಪ್ ಬದಲಿಸಿದ ಮೇಲೆ ಬಿಸಿಯಾಗಲು ಶುರುವಾಗಿದ್ದರೆ ಫ್ಯಾನ್ ತಿರುವುಮುರುವು ಕೂರಿಸಿದ್ದಾರಾ ಎಂದೂ ನೋಡಿ. ಇಂಜಿನ್ ಓಡುತ್ತಿರುವಾಗ ಒಂದು ಕಾಗದವನ್ನು ರೇಡಿಯೇಟರಿನ ಮುಂದೆ ಹಿಡಿದರೆ ಅದು ರೇಡಿಯೇಟರಿಗೆ ಅಂಟಿಕೊಳ್ಳಬೇಕು.

ಬೆಲ್ಟ್, ಕ್ಯಾಪ್, ಹೋಸ್

ಇಂಜಿನ್ ಬಂದ್ ಮಾಡಿ, ಕೀ ಕಿಸೆಗೆ ಹಾಕಿ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದಲ್ಲಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. 10ರಿಂದ 15 ಮಿಲಿಮೀಟರ್ ತಗ್ಗಬೇಕು. ಜಾಸ್ತಿ ತಗ್ಗಿದರೆ ಡೈನಮೋ ಅಥವಾ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ ಎಳೆದು ಬಿಗಿ ಮಾಡಿ. ತೀರಾ ಬಿಗಿ ಮಾಡಿದರೆ ಪಂಪಿನ ಬೇರಿಂಗ್ ಹೋಗುತ್ತದೆ. ಬೆಲ್ಟಿನ ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅಥವಾ ಬೆಲ್ಟ್ ಸವೆದು ಪುಲ್ಲಿಯ ತಳಕ್ಕೇ ತಾಗುತ್ತಿದ್ದರೆ, ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಮಳೆಯಲ್ಲಿ ಒದ್ದೆಯಾದಾಗ ಇನ್ನೂ ಹೆಚ್ಚು.

ಕ್ಯಾಪ್ ಬರೇ ಮುಚ್ಚಳ ಅಲ್ಲ. ಅದು ನೀರನ್ನು ಒತ್ತಡದಲ್ಲಿಡುತ್ತದೆ, ಒತ್ತಡ ಇದ್ದರೆ ನೀರು ಬೇಗ ಕುದಿಯುವುದಿಲ್ಲ. 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಇದ್ದರೆ ನೀರು ಕುದಿಯುವ ಮಟ್ಟ ಸುಮಾರು 10 ಡಿಗ್ರಿ ಮೇಲಕ್ಕೆ ಹೋಗುತ್ತದೆ. ರಬ್ಬರ್ ಒಡೆದಿದ್ದರೆ, ಸ್ಪ್ರಿಂಗ್ ಸತ್ತಿದ್ದರೆ ಕ್ಯಾಪ್ ಬದಲಿಸಿ. ಬೆಳಿಗ್ಗೆ ತಣ್ಣಗಿರುವಾಗ ಮೇಲಿನ ಹೋಸ್ ಚಪ್ಪಟೆಯಾಗಿ ಹೀರಿಕೊಂಡಿದ್ದರೆ ಕ್ಯಾಪಿನ ಒಳಗಿನ ಚಿಕ್ಕ ವಾಲ್ವ್ ಅಂಟಿಕೊಂಡಿದೆ. ಹೊಸ ಕ್ಯಾಪ್ ತರುವಾಗ ಹಳೆಯದರಲ್ಲಿ ಬರೆದಿರುವ ಅಂಕಿಯದ್ದೇ ತನ್ನಿ. ಕಾರಿನ ಜಾಸ್ತಿ ಒತ್ತಡದ ಕ್ಯಾಪ್ ಹಾಕಿದರೆ ಹಳೇ ಹಿತ್ತಾಳೆ ಟ್ಯಾಂಕಿನ ಬೆಸುಗೆ ಬಾಯಿ ಬಿಡುತ್ತದೆ.

ಹೋಸನ್ನು ಹಿಸುಕಿ ನೋಡಿ. ಕಲ್ಲಿನಂತೆ ಗಟ್ಟಿಯೋ, ಅತಿ ಮೆತ್ತಗೋ ಆಗಿದ್ದರೆ ಬದಲಿಸಿ. ಕೆಳಗಿನ ಹೋಸ್ ಮೇಲೆ ಹೆಚ್ಚು ನಿಗಾ ಇರಲಿ. ಒಬ್ಬರು ರೇಸ್ ಕೊಡುವಾಗ ಇನ್ನೊಬ್ಬರು ದೂರದಿಂದ ನೋಡಿ. ಅದು ಒಳಕ್ಕೆ ಹೀರಿ ಮುದುಡಿದರೆ ನೀರು ನಿಂತಿತೆಂದೇ ಲೆಕ್ಕ. ಹೀಗೆ ಇಂಜಿನ್ ಓಡುತ್ತಿರುವಾಗ ಬಗ್ಗಿ ನೋಡುವವರು ಹೆಗಲ ಮೇಲಿನ ಬೈರಾಸು ತೆಗೆದಿಡಬೇಕು, ಲುಂಗಿ ಬಿಟ್ಟು ಪ್ಯಾಂಟ್ ಹಾಕಿಕೊಳ್ಳಬೇಕು. ಫ್ಯಾನಿಗೆ ಬಟ್ಟೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಥರ್ಮೋಸ್ಟಾಟ್ ತೆಗೆದು ಎಸೆಯಬೇಡಿ

"ನಮ್ಮೂರ ಸೆಕೆಗೆ ಥರ್ಮೋಸ್ಟಾಟ್ ಯಾಕೆ?" ಎಂದು ತೆಗೆದು ಹಾಕಿದ ಟ್ರಾಕ್ಟರ್‌ಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ. ನನಗೆ ಇದು ಸರಿ ಅನಿಸುವುದಿಲ್ಲ. ಥರ್ಮೋಸ್ಟಾಟ್ ಇಲ್ಲದಿದ್ದರೆ ಇಂಜಿನ್ ಹದವಾದ ಬಿಸಿಗೆ ಬರುವುದೇ ಇಲ್ಲ. ಡೀಸೆಲ್ ಪೂರ್ತಿ ಉರಿಯದೆ ಆಯಿಲಿಗೆ ಇಳಿಯುತ್ತದೆ, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಬೇಗ ಸವೆಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಇನ್ನೂ ಒಂದು ವಿಷಯ ಇದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಸ್ವಲ್ಪ ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ತಣಿಯಲಿ ಎಂದು ತೆಗೆದದ್ದು ಲೋಡಿನಲ್ಲಿ ಇನ್ನಷ್ಟು ಬಿಸಿ ಮಾಡುತ್ತದೆ.

ಅದರ ಬದಲು ಪರೀಕ್ಷೆ ಮಾಡಿ. ಹೆಡ್ಡಿನ ಮುಂದಿರುವ ಎರಡು ಬೋಲ್ಟ್ ಬಿಚ್ಚಿದರೆ ಹೆಚ್ಚಿನ ಟ್ರಾಕ್ಟರ್‌ಗಳಲ್ಲಿ ಅದು ಕೈಗೆ ಬರುತ್ತದೆ. ಅಂಚಿನಲ್ಲಿ ಅದು ತೆರೆಯಬೇಕಾದ ಬಿಸಿಯ ಅಂಕಿ ಕೊರೆದಿರುತ್ತದೆ. 82 ಎಂದಿರುವುದು ಸಾಮಾನ್ಯ. ಒಂದು ಪಾತ್ರೆಯಲ್ಲಿ ನೀರಿಟ್ಟು ದಾರದಲ್ಲಿ ಕಟ್ಟಿ ಇಳಿಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಬರೆದ ಅಂಕಿಯ ಆಸುಪಾಸಿನಲ್ಲಿ ಮೆಲ್ಲಗೆ ಬಾಯಿ ಬಿಡಲು ಶುರು ಮಾಡಿ, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಹೊರಗೆ ತೆಗೆದರೆ ತಣಿದು ಮುಚ್ಚಿಕೊಳ್ಳಬೇಕು. ತೆರೆಯದಿದ್ದರೆ, ಅರ್ಧಕ್ಕೇ ನಿಂತರೆ, ಅದೇ ಅಂಕಿಯ ಹೊಸದನ್ನು ಹಾಕಿ. ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗೆ ಇರಬೇಕು.

ವಾಟರ್ ಪಂಪ್

ಬೆಲ್ಟ್ ತೆಗೆದು ಫ್ಯಾನಿನ ತುದಿ ಹಿಡಿದು ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ. ಪಂಪಿನ ಕೆಳಗೆ ಒಂದು ಚಿಕ್ಕ ತೂತು ಇರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಸೀಲ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಹಚ್ಚಿ ಮುಚ್ಚುವವರಿದ್ದಾರೆ, ಖಂಡಿತ ಬೇಡ. ಹಾಗೆ ಮಾಡಿದರೆ ನೀರು ಬೇರಿಂಗಿಗೆ ಹೋಗುತ್ತದೆ. ಪಂಪ್ ತಳ್ಳುತ್ತಿದೆಯೋ ಇಲ್ಲವೋ ನೋಡಲು ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಬಿಸಿ ಏರಿ ಥರ್ಮೋಸ್ಟಾಟ್ ತೆರೆದ ಮೇಲೆ ಒಳಗೆ ನೀರು ಸುಳಿಯುವುದು ಕಾಣಬೇಕು. ಇಣುಕಬೇಡಿ, ಸ್ವಲ್ಪ ದೂರದಿಂದ ನೋಡಿ. ಸುಳಿಯೇ ಇಲ್ಲದಿದ್ದರೆ ಪಂಪ್ ಬಿಚ್ಚಿ ಒಳಗಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ನೋಡಬೇಕು. ಬರೇ ಬಾವಿ ನೀರು ಹಾಕಿ ಓಡಿಸಿದ ಟ್ರಾಕ್ಟರಿನಲ್ಲಿ ಅದರ ಎಲೆಗಳು ತುಕ್ಕು ತಿಂದು ಅರ್ಧ ಆಗಿರುತ್ತವೆ.

ನಮ್ಮ ನೀರಿನ ವಿಷಯ

ಬಯಲುಸೀಮೆಯ ಗಡಸು ನೀರು ರೇಡಿಯೇಟರಿನೊಳಗೆ ಬಿಳಿ ಸುಣ್ಣದಂತೆ ಕಟ್ಟುತ್ತದೆ. ನಮ್ಮ ತೊಂದರೆ ಬೇರೆ. ಮುರಕಲ್ಲಿನ ನೆಲದ ಬಾವಿ ನೀರು ಸ್ವಲ್ಪ ಹುಳಿ ಗುಣದ್ದು, ಎಷ್ಟೋ ಕಡೆ ಕಬ್ಬಿಣದ ಅಂಶವೂ ಇರುತ್ತದೆ. ಅದು ಇಂಜಿನ್ ಬ್ಲಾಕಿನ ಬೀಡುಕಬ್ಬಿಣವನ್ನು ತಿಂದು ಕಂದು ಕೆಸರು ಮಾಡುತ್ತದೆ. ಉದ್ಯಾವರ, ಸುವರ್ಣಾ, ಸೀತಾ ಹೊಳೆಗಳ ಅಳಿವೆ ಹತ್ತಿರದವರಿಗಂತೂ ಬೇಸಿಗೆಯಲ್ಲಿ ಬಾವಿಗೆ ಉಪ್ಪು ಹತ್ತುತ್ತದೆ. ಆ ನೀರನ್ನು ಟ್ರಾಕ್ಟರಿಗೆ ಹಾಕಲೇಬಾರದು.

"ಇಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ?" ಎನ್ನುವ ಮಾತು ಹಳೇ ಟ್ರಾಕ್ಟರಿನವರ ಬಾಯಲ್ಲಿ ಸದಾ ಇರುತ್ತದೆ. ನಮಗೆ ಕೂಲಂಟ್ ಬೇಕಿರುವುದು ಹಿಮಕ್ಕಲ್ಲ, ತುಕ್ಕಿಗೆ. ಅದರಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ. ಕುದಿಯುವ ಮಟ್ಟವೂ ಏರುತ್ತದೆ. ಅರ್ಧ ಕೂಲಂಟ್, ಅರ್ಧ ನೀರು ಸೇರಿಸಿದರೆ ಒತ್ತಡ ಇಲ್ಲದೆಯೂ 106 ಡಿಗ್ರಿಯ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ಸೇರಿಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿದ್ದರೆ ಒಳ್ಳೆಯದು.

ಹಳೇ ನೀರು ತುಕ್ಕು ಬಣ್ಣಕ್ಕೆ ತಿರುಗಿದ್ದರೆ ಮೊದಲು ಒಳಗನ್ನು ತೊಳೆಯಬೇಕು. ರೇಡಿಯೇಟರಿನ ಕೆಳಗಿನ ನಲ್ಲಿ ಬಿಟ್ಟರೆ ಸಾಲದು. ಇಂಜಿನ್ ಬ್ಲಾಕಿನ ಬದಿಯಲ್ಲಿ ಇನ್ನೊಂದು ಪ್ಲಗ್ ಅಥವಾ ನಲ್ಲಿ ಇರುತ್ತದೆ, ಅದನ್ನೂ ಬಿಚ್ಚಿ. ಎಷ್ಟೋ ವರ್ಷದಿಂದ ಯಾರೂ ಮುಟ್ಟದ ಪ್ಲಗ್ ಅದು. ಬಿಚ್ಚಿದರೂ ನೀರು ಬರುವುದಿಲ್ಲ, ತೂತಿನ ಬಾಯಿಗೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ತಂತಿ ಹಾಕಿ ಕೆದಕಿ. ಮೊದಲು ಕಪ್ಪು ಕೆಸರಿನ ಗಟ್ಟಿ ಉದುರುತ್ತದೆ, ಆಮೇಲೆ ಕೆಂಪು ನೀರು ಬುಸ್ ಎಂದು ಹೊರಡುತ್ತದೆ. ಇದೇ ಕೆಸರು ಹಿಂದಿನ ಸಿಲಿಂಡರಿನ ಸುತ್ತ ತುಂಬಿಕೊಂಡು ಬಿಸಿ ಮಾಡುತ್ತಿರುವುದು.

ತಾಮ್ರ, ಹಿತ್ತಾಳೆಯ ಹಳೇ ರೇಡಿಯೇಟರಾದರೆ ಹತ್ತು ಲೀಟರ್ ನೀರಿಗೆ ಕಾಲರಿಂದ ಅರ್ಧ ಕಿಲೋ ವಾಷಿಂಗ್ ಸೋಡಾ ಕರಗಿಸಿ ತುಂಬಿ, ಅರ್ಧ ಗಂಟೆ ಇಂಜಿನ್ ಓಡಿಸಿ, ತಣಿದ ಮೇಲೆ ಬಿಟ್ಟುಬಿಡಿ. ಅಲ್ಯೂಮಿನಿಯಂ ರೇಡಿಯೇಟರಿಗೆ ಸೋಡಾ ಹಾಕಬಾರದು, ಅದು ಲೋಹವನ್ನೇ ತಿನ್ನುತ್ತದೆ. ಆಮೇಲೆ ಎರಡೂ ಹೋಸ್ ಬಿಚ್ಚಿ, ರೇಡಿಯೇಟರಿನ ಕೆಳಗಿನ ಬಾಯಿಗೆ ಪೈಪ್ ಕೊಟ್ಟು ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡಿ. ಮೇಲಿನಿಂದ ಬರುವ ನೀರು ತಿಳಿಯಾಗುವವರೆಗೂ ಬಿಡಿ. ಇಷ್ಟಾದರೂ ನೀರು ಸಣ್ಣಗೆ ಬಂದರೆ ಕೊಳವೆಗಳು ಕಟ್ಟಿವೆ. ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ ಕಡ್ಡಿ ಹಾಕಿಸಬೇಕು. ಸೋರುವುದನ್ನು ನಿಲ್ಲಿಸಲು ಅರಶಿನ ಪುಡಿ ಹಾಕಿದ್ದರೆ ಹೀಗಾಗುವುದು ಜಾಸ್ತಿ. ಆ ಪುಡಿ ಸೋರುವ ತೂತನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ, ಒಳ್ಳೆಯ ಕೊಳವೆಯಲ್ಲೂ ಕೂರುತ್ತದೆ.

ಹೊಸ ಕೂಲಂಟ್ ತುಂಬುವಾಗ ನಿಧಾನವಾಗಿ ಹೊಯ್ಯಿರಿ, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕ್ಯಾಪ್ ಹಾಕದೆ ಓಡಿಸಿ, ಥರ್ಮೋಸ್ಟಾಟ್ ತೆರೆದಾಗ ನೀರು ಇಳಿಯುತ್ತದೆ, ಆಗ ಮತ್ತೆ ತುಂಬಿ. ಕುತ್ತಿಗೆಯವರೆಗೆ ತುಂಬಬೇಡಿ. ಬಿಸಿಯಾದಾಗ ಹಿಗ್ಗಲು ಎರಡು ಬೆರಳು ಜಾಗ ಇರಲಿ. ಹಸಿರು ಕೂಲಂಟಾದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಬೇರೆ ಬೇರೆ ಬಗೆಯದ್ದನ್ನು ಬೆರೆಸಬೇಡಿ.

ಇಷ್ಟಾದರೂ ಬಿಸಿಯಾದರೆ

ಈಗ ಹೆಡ್ ಗ್ಯಾಸ್ಕೆಟ್ ನೋಡಬಹುದು. ಇಂಜಿನ್ ಪೂರ್ತಿ ತಣ್ಣಗಿರುವಾಗ ಬೆಲ್ಟ್ ತೆಗೆಯಿರಿ, ರೇಡಿಯೇಟರ್ ಬಾಯಿವರೆಗೆ ನೀರು ತುಂಬಿ, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ. ಒಂದು ನಿಮಿಷದೊಳಗೆ ಬಂದ್ ಮಾಡಬೇಕು. ಪಂಪ್ ತಿರುಗದಿದ್ದರೂ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಹೋಸ್ ಗಟ್ಟಿಯಾಗುವುದೂ ಇದೇ ಗುರುತು.

ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ. ಆದರೆ ನಮ್ಮಲ್ಲಿ ಕೂಡಲೇ ಗ್ಯಾಸ್ಕೆಟ್ ಎಂದು ತೀರ್ಮಾನ ಮಾಡಬೇಡಿ. ಮೇಲ್ಮುಖ ಸೈಲೆನ್ಸರ್ ಇರುವ ಟ್ರಾಕ್ಟರ್ ಇಡೀ ಮಳೆಗಾಲ ಅಂಗಳದಲ್ಲಿ ನೆನೆದಿದ್ದರೆ ಮಳೆನೀರೇ ಇಳಿದಿರಬಹುದು. ನಿಲ್ಲಿಸುವಾಗ ಸೈಲೆನ್ಸರ್ ಬಾಯಿಗೆ ಒಂದು ಡಬ್ಬಿ ಕವುಚಿ ಹಾಕಿ. ಆಯಿಲ್ ಬದಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಕೆಲವು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಚೇಂಬರಿನ ತಳದ ಪ್ಲಗ್ ಸ್ವಲ್ಪವೇ ಸಡಿಲಿಸಿ ನೋಡಿ. ನೀರು ಭಾರ, ಅದೇ ಮೊದಲು ಬರುತ್ತದೆ. ಮತ್ತೆ ನೀರು ಕಂಡರೆ, ರೇಡಿಯೇಟರಿನ ಮಟ್ಟವೂ ಇಳಿದಿದ್ದರೆ, ಗ್ಯಾಸ್ಕೆಟ್ ಅಥವಾ ಲೈನರಿನ ರಬ್ಬರ್ ರಿಂಗ್. ಆಗ ಮೆಕ್ಯಾನಿಕ್ಕರನ್ನು ಕರೆಯಿರಿ. ಹೆಡ್ ತೆಗೆದರೆ ಬಾಗಿದೆಯಾ ಎಂದು ಅಳೆಸಿಯೇ ಹೊಸ ಗ್ಯಾಸ್ಕೆಟ್ ಹಾಕಿಸಿ.

ಗ್ಯಾಸ್ಕೆಟ್ ಕೂಡ ಸರಿಯಿದ್ದರೆ ತಪ್ಪು ಕೂಲಿಂಗಿನಲ್ಲಿ ಇಲ್ಲ. ಡೀಸೆಲ್ ಪಂಪಿನ ಟೈಮಿಂಗ್ ತಡವಾಗಿದ್ದರೂ, ಬ್ರೇಕ್ ಹಿಡಿದುಕೊಂಡಿದ್ದರೂ, ಆಯಿಲ್ ಕಡಿಮೆಯಿದ್ದರೂ ಇಂಜಿನ್ ಬಿಸಿಯಾಗುತ್ತದೆ. ಓಡಿಸುವ ರೀತಿಯೂ ಮುಖ್ಯ. ಆಳ ಕೆಸರಿನಲ್ಲಿ ದೊಡ್ಡ ಗೇರ್ ಹಾಕಿ ಇಂಜಿನ್ ಗುಂಯ್‌ಗುಡುತ್ತಾ ಎಳೆದರೆ ಬಿಸಿ ಜಾಸ್ತಿ ಹುಟ್ಟುತ್ತದೆ, ಪಂಪು ಫ್ಯಾನು ನಿಧಾನವಾಗಿ ತಿರುಗುತ್ತವೆ. ಒಂದು ಗೇರ್ ಇಳಿಸಿ, ರೇಸ್ ಏರಿಸಿ. ಕಪ್ಪು ಹೊಗೆ ನಿಲ್ಲುವ ಗೇರೇ ಸರಿಯಾದ ಗೇರ್.

ಕೆಲಸ ಮುಗಿದ ಮೇಲೆ ಹಳೇ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ, ತೋಡಿಗೂ ಬಿಡಬೇಡಿ. ಅದು ಸಿಹಿ ರುಚಿಯ ವಿಷ. ನಾಯಿ, ಬೆಕ್ಕು, ಕರು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಅಗಲ ಬಾಯಿಯ ಬಾಲ್ದಿ ಇಟ್ಟು ಹಿಡಿದು, ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಇದನ್ನೂ ತೆಗೆದುಕೊಳ್ಳುತ್ತಾರಾ ಎಂದು ಕೇಳಿ ಕೊಡಿ. ಎರಡನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಬೇಡಿ. ಕ್ಯಾನಿನ ಮೇಲೆ ದೊಡ್ಡ ಅಕ್ಷರದಲ್ಲಿ "ವಿಷ" ಎಂದು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.